ಚೆನ್ನಕೇಶವ ನೀರೊಳಗೆ ಕಣ್ಣು ತೆರೆದದ್ದು

ಹಿಂದೂಪುರದ ಪರಿಗಿ ರಸ್ತೆಯಲ್ಲಿ ನನ್ನದೊಂದು ಫೋಟೊ ಸ್ಟುಡಿಯೋ ಇದೆ. ಸ್ಟುಡಿಯೋ ಅನ್ನುವುದು ಬೋರ್ಡಿನ ಮೇಲಿರುವ ಮಾತು. ಒಳಗೆ ನಡೆಯುವುದೆಲ್ಲ ಆಧಾರ್ ಜೆರಾಕ್ಸು, ಪಾಸ್‌ಪೋರ್ಟ್ ಸೈಜಿನ ಫೋಟೊ, ಸತ್ತವರ ಪಟ ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಡುವುದು, ಇಷ್ಟೇ. ಇಂಥ ಅಂಗಡಿಗೆ ಒಂದು ಭಾನುವಾರ ಯಾರೋ ಒಬ್ಬ ಬಂದ. ಬಿಸಿಲಿಗೂ ಉಪ್ಪಿಗೂ ಸುಟ್ಟು ಕರ್ರಗಾದ ಮೈ, ಕೆಂಚು ತಿರುಗಿದ ಕೂದಲು. ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಪೆನ್‌ಡ್ರೈವ್ ತೆಗೆದು, "ಒಂದು ಹುಳದ್ದು ಫೋಟೊ ಹಾಕ್ಕೊಡ್ಬೇಕಿತ್ತಣ್ಣ, ದೊಡ್ಡುದು" ಅಂದ.

ನನಗೆ ಅವತ್ತು ಮೊದಲೇ ತಲೆ ಕೆಟ್ಟಿತ್ತು, ಪ್ರಿಂಟರ್ ಕೈ ಕೊಟ್ಟಿತ್ತು. "ಹುಳ ಅಂದ್ರೆ ಯಾವ್ದಯ್ಯಾ? ಕಡ್ಲೇಕಾಯಿ ಗಿಡದ್ದಾ? ಅದಕ್ಕೆ ಔಷಧಿ ಅಂಗ್ಡಿಗೆ ಹೋಗ್ಬೇಕು ಕಣಪ್ಪ, ಇಲ್ಲಿಗಲ್ಲ" ಅಂದೆ.

ಅವನು ಬೇಜಾರು ಮಾಡಿಕೊಳ್ಳಲಿಲ್ಲ. "ಇದು ಸಮುದ್ರದ್ದು ಅಣ್ಣ. ನೋಡಿ, ಆಮೇಲೆ ಬೈರಿ."

ನೋಡಿದೆ. ಬೈಯುವುದು ಮರೆತುಹೋಯಿತು. ಬೆರಳುದ್ದದ ಒಂದು ಜೀವ, ಚಿಪ್ಪಿಲ್ಲದ ಬಸವನಹುಳ ಅನ್ನಬಹುದು. ತಿಳಿನೀಲಿ ಮೈ, ಅದರ ಮೇಲೆ ಉದ್ದಕ್ಕೂ ಕಪ್ಪು ಗೆರೆಗಳು, ಸುತ್ತಲೂ ಅರಿಶಿನದಂಥ ಅಂಚು. ತಲೆಯ ಮೇಲೆ ಎರಡು ಪುಟ್ಟ ಕೊಂಬು, ಬೆನ್ನಿನ ಹಿಂಭಾಗದಲ್ಲಿ ಅರ್ಧ ಅರಳಿದ ಹೂವಿನಂಥದ್ದೇನೋ ಒಂದು. ನಮ್ಮದು ನೇಯ್ಗೆಯವರ ಮನೆ. ನಾನು ಮಗ್ಗ ಬಿಟ್ಟು ಅಂಗಡಿ ಹಾಕಿಕೊಂಡಿದ್ದರೂ ಒಡಲು ಯಾವುದು ಅಂಚು ಯಾವುದು ಅಂತ ಕಣ್ಣಿಗೆ ತಾನಾಗಿ ಗೊತ್ತಾಗುತ್ತದೆ. "ಇದು ಹುಳ ಅಲ್ಲ ಕಣಯ್ಯ, ಸೀರೆ" ಅಂದೆ. ಅವನು ಅಂಗಡಿ ತುಂಬ ನಕ್ಕ. ಅವತ್ತಿನಿಂದ ನಮ್ಮ ನಡುವೆ ಅದರ ಹೆಸರು ಸೀರೆಹುಳ ಅಂತಲೇ ಆಯಿತು.

ಅವನ ಹೆಸರು ಚೆನ್ನಕೇಶವ. ಊರು ಕಲ್ಯಾಣದುರ್ಗದಾಚೆ, ಬ್ರಹ್ಮಸಮುದ್ರ ಮಂಡಲದ ಒಂದು ಹಳ್ಳಿ. ಅವನ ಹೆಂಡತಿ ಜ್ಯೋತಿಲಕ್ಷ್ಮಿ ಹಿಂದೂಪುರದ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸಕ್ಕಿದ್ದಳು. ನಮ್ಮ ಬೀದಿಯಲ್ಲೇ ಬಾಡಿಗೆ ಮನೆ. ಗಂಡ ಅಂಡಮಾನಿನಲ್ಲಿ ಕೆಲಸಕ್ಕಿದ್ದಾನೆ ಅಂತ ಮಾತ್ರ ನಮಗೆ ಗೊತ್ತಿತ್ತು. ಕಾಂಟ್ರಾಕ್ಟಿನ ಗಾರೆ ಕೆಲಸವಿರಬೇಕು ಅಂದುಕೊಂಡಿದ್ದೆವು. ಸಮುದ್ರದ ತಳಕ್ಕೆ ಹೋಗಿ ಹುಳ ನೋಡುವುದು, ನೋಡಲು ಬಂದವರಿಗೆ ಅದನ್ನು ತೋರಿಸುವುದು, ಹೀಗೊಂದು ಕೆಲಸ ಇರಬಹುದು ಅಂತ ನಮ್ಮ ಬೀದಿಯಲ್ಲಿ ಯಾರಿಗೆ ಹೊಳೆಯಬೇಕು?

ಅವನು ನೀರಿಗೆ ಹೊಸಬನೇನೂ ಅಲ್ಲ. ಅವರ ತಾತ ಬಾವಿಗೆ ಇಳಿಯುವವನು. ಬಿಂದಿಗೆ ಬಿದ್ದರೆ, ಮೋಟಾರಿನ ಪೈಪು ಕಳಚಿಕೊಂಡರೆ, ಮನುಷ್ಯರು ಬಿದ್ದರೆ ಸುತ್ತಲ ಹಳ್ಳಿಯವರು ಅವನನ್ನೇ ಕರೆಯುತ್ತಿದ್ದರು. ತಾತನಿಗೆ ವಯಸ್ಸಾದ ಮೇಲೆ ಆ ಕರೆ ಮೊಮ್ಮಗನಿಗೆ ಬಂತು. ಬಿಂದಿಗೆ ಎತ್ತಿದರೆ ಊಟ ಹಾಕಿ ಕಳಿಸುತ್ತಿದ್ದರು. ಹೆಣ ಎತ್ತಿದರೆ ಬೇರೆ ಕಟ್ಟಳೆ. ಹೆಣದ ಮನೆಯವರು ಒಂದು ಹೊಸ ಟವೆಲ್ಲು ತಂದು ದಡದ ಮೇಲಿಡಬೇಕು. ಇಳಿದವನು ಅದನ್ನು ತಲೆಯಿಂದ ಮುಖದ ಮೇಲೆ ಇಳಿಬಿಟ್ಟುಕೊಂಡು, ಯಾರನ್ನೂ ಮಾತಾಡಿಸದೆ ಹೊರಟುಬಿಡಬೇಕು. ಆಮೇಲೆ ಆ ಮನೆಯವರಿಗೆ ಅವನು ಮುಖ ತೋರಿಸುವಂತಿಲ್ಲ. ಅವನನ್ನು ಕಂಡಾಗಲೆಲ್ಲ ಅವರಿಗೆ ಆ ನೀರು ಕಣ್ಣಿಗೆ ಬರುತ್ತದೆ, ಅದಕ್ಕೆ. ಹೀಗೆ ವರ್ಷ ವರ್ಷಕ್ಕೂ ಅವನಿಗೆ ಮನೆಗಳು ಮುಚ್ಚುತ್ತ ಹೋದವು. ಮದುವೆಮನೆಯಲ್ಲಿ ಕಂಬದ ಹಿಂದೆ ನಿಲ್ಲುವುದು, ಸಂತೆಯಲ್ಲಿ ಗೋಡೆ ಕಡೆ ತಿರುಗುವುದು ಅಭ್ಯಾಸವಾಯಿತು.

"ಬಾವೀಲಿ ಕಣ್ಣು ತೆರೀಬಾರ್ದು ಅಂತಿದ್ದ ನಮ್ ತಾತ" ಅಂತ ಒಂದು ದಿನ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೇಳಿದ. ಅಷ್ಟೊತ್ತಿಗೆ ನಾನು ಅವನಿಗೆ ದಯಣ್ಣ ಆಗಿದ್ದೆ. "ನಾವು ಅವರನ್ನ ನೋಡ್ಬಾರ್ದು, ಅವರ ಮನೇರು ನಮ್ಮನ್ನ ನೋಡ್ಬಾರ್ದು. ಕೈಯಲ್ಲೇ ಹುಡುಕ್ಬೇಕು ದಯಣ್ಣ. ಮೊದ್ಲು ಕೂದ್ಲು ಸಿಕ್ತದೆ." ಇದನ್ನು ಹೇಳುವಾಗ ಅವನ ಬಲಗೈ ಗಾಳಿಯಲ್ಲಿ ಮೆಲ್ಲಗೆ ಏನನ್ನೋ ತಡಕುತ್ತಿತ್ತು. ನಾನು ಟೀ ತರಿಸಿದೆ.

ಅಂಡಮಾನಿಗೆ ಅವನು ಹೋದದ್ದು ನಿಜಕ್ಕೂ ಗಾರೆ ಕೆಲಸಕ್ಕೇ, ಕಲ್ಯಾಣದುರ್ಗದ ಮೇಸ್ತ್ರಿಯೊಬ್ಬನ ಜೊತೆ, ಒಂದು ದ್ವೀಪದಲ್ಲಿ ಹೋಟೆಲು ಕಟ್ಟಲು. ಪಕ್ಕದಲ್ಲೇ ಡೈವಿಂಗ್ ಹೇಳಿಕೊಡುವ ಕೇಂದ್ರವಿತ್ತು. ಒಂದು ದಿನ ಅವರ ದೋಣಿಯ ಲಂಗರು ತಳದಲ್ಲಿ ಎಲ್ಲೋ ಸಿಕ್ಕಿಕೊಂಡಿತು. ಚೆನ್ನಕೇಶವ ಅಂಗಿ ಬಿಚ್ಚಿ ಧುಮುಕಿದ, ಕಣ್ಣು ಮುಚ್ಚಿಕೊಂಡೇ ಹಗ್ಗ ಹಿಡಿದು ಇಳಿದ, ಕೈಯಲ್ಲೇ ತಡಕಿ ಬಿಡಿಸಿ ಮೇಲೆ ಬಂದ. ಅಲ್ಲಿ ಕಲಿಸುತ್ತಿದ್ದ ಹರಿತಾ ಅನ್ನುವ ವಿಶಾಖಪಟ್ಟಣದ ಹೆಂಗಸಿಗೆ ಇವನು ಅಷ್ಟು ಹೊತ್ತು ಉಸಿರು ಹಿಡಿದದ್ದು ಕಂಡು ಖುಷಿಯಾಯಿತಂತೆ. ಆದರೆ ಇವನು ಕೆಳಗೆ ಏನನ್ನೂ ನೋಡಲಿಲ್ಲ ಅಂದಾಗ ಸಿಟ್ಟು ಬಂತು. ಇಂಥ ಸಮುದ್ರದಲ್ಲಿ ಕಣ್ಣು ಮುಚ್ಚಿಕೊಂಡು ಹೋಗಿ ಬರುತ್ತೀಯಲ್ಲ, ಬುದ್ಧಿ ಇದೆಯಾ ಅಂತ ತೆಲುಗಿನಲ್ಲೇ ಬೈದು, ತನ್ನ ಡೈವಿಂಗ್ ಮಾಸ್ಕನ್ನು ಅವನ ಮುಖಕ್ಕೆ ಕಟ್ಟಿ ಮತ್ತೆ ತಳ್ಳಿದಳು.

"ಆಗ ಏನ್ ಕಂಡ್ಯೋ?" ಅಂತ ಕೇಳಿದೆ.

"ತೆರೆಯೋಕೆ ಭಯ ಆಯ್ತು ದಯಣ್ಣ. ಸುಮ್ಮನೆ ತೇಲ್ತಾ ಇದ್ದೆ. ಆಮೇಲೆ ಧೈರ್ಯ ಮಾಡಿ ತೆರೆದ್ರೆ ಒಂದು ಆಮೆ. ಹಿಂಗೆ, ನಮ್ ತಾತ ಕಡ್ಲೇಕಾಯಿ ತಿನ್ನೋ ಥರ ನಿಧಾನಕ್ಕೆ ಬಂಡೆ ಮೇಲಿಂದು ಏನೋ ತಿಂತಾ ಇತ್ತು. ನನ್ನ ನೋಡ್ತು. ನೋಡಿ ಮತ್ತೆ ತಿಂತು. ಅಷ್ಟೇಯ. ನೀರಾಗೆ ಬದುಕಿರೋದು ನಾನು ಕಂಡಿದ್ದು ಅದೇ ಮೊದ್ಲು."

ಗಾರೆ ಕೆಲಸ ಬಿಟ್ಟು ಆ ಕೇಂದ್ರದಲ್ಲೇ ಸೇರಿಕೊಂಡ. ಮೊದಲು ಸಿಲಿಂಡರ್ ಹೊರುವುದು, ದೋಣಿ ತೊಳೆಯುವುದು. ಆಮೇಲೆ ಕಲಿತು, ಪರೀಕ್ಷೆ ಪಾಸು ಮಾಡಿ, ಬಂದವರನ್ನು ಕೆಳಗೆ ಕರೆದೊಯ್ಯುವವನಾದ. ದೊಡ್ಡ ಮೀನು, ಆಮೆ ನೋಡಬೇಕು ಅನ್ನುವವರು ಬೇರೆಯವರ ಜೊತೆ ಹೋಗುತ್ತಿದ್ದರು. ಇವನ ಜೊತೆ ಹೋಗುವವರು ಸಣ್ಣದನ್ನು ಹುಡುಕುವವರು. ಒಂದೇ ಬಂಡೆಯ ಮುಂದೆ ಇಡೀ ಸಿಲಿಂಡರ್ ಮುಗಿಯುವ ತನಕ ನಿಲ್ಲುತ್ತಿದ್ದನಂತೆ. ನಿಲ್ಲುವುದು ಅಂದರೆ ಕಾಲೂರಿ ಅಲ್ಲ, ಊರಿದರೆ ಹವಳ ಮುರಿಯುತ್ತದೆ. ಉಸಿರಿನಲ್ಲೇ ನಿಲ್ಲಬೇಕು. ಎಳೆದುಕೊಂಡರೆ ಗೇಣಷ್ಟು ಮೇಲೆ, ಬಿಟ್ಟರೆ ಗೇಣಷ್ಟು ಕೆಳಗೆ. ಇದನ್ನು ತೋರಿಸಲು ನಮ್ಮ ಅಂಗಡಿಯಲ್ಲೇ ಎದೆಯುಬ್ಬಿಸಿ ತುದಿಗಾಲಲ್ಲಿ ನಿಂತು ಇಳಿಯುತ್ತಿದ್ದ, ಜೆರಾಕ್ಸಿಗೆ ಬಂದವರು ಬಾಯಿ ಬಿಟ್ಟು ನೋಡುತ್ತಿದ್ದರು.

ಅವನು ರಜೆಗೆ ಬಂದಾಗಲೆಲ್ಲ ಒಂದೊಂದು ಫೋಟೊ ಹಾಕಿಸಿಕೊಳ್ಳುತ್ತಿದ್ದ, ಒಂದೊಂದಕ್ಕೂ ಒಂದು ಕತೆ ಇರುತ್ತಿತ್ತು. ಬೆನ್ನಿನ ಮೇಲಿನ ಹೂವು ಹೂವಲ್ಲ, ಅದರ ಉಸಿರಾಟ. ಯಾರಾದರೂ ಹತ್ತಿರ ಬಂದರೆ ಸರಕ್ಕನೆ ಒಳಗೆ ಎಳೆದುಕೊಳ್ಳುತ್ತದೆ. ಕೊಂಬಿನಲ್ಲಿ ವಾಸನೆ ಹಿಡಿಯುತ್ತದೆ. ಬೇರೆ ಯಾರೂ ಮುಟ್ಟದ ವಿಷದ ಸ್ಪಂಜನ್ನು ತಿಂದು, ಆ ವಿಷವನ್ನೇ ಮೈಯಲ್ಲಿಟ್ಟುಕೊಂಡು ನಿಶ್ಚಿಂತೆಯಿಂದ ತಿರುಗುತ್ತದೆ. ಕೆಲವದರ ಬೆನ್ನೇರಿ ಅಕ್ಕಿಕಾಳಿನಷ್ಟು ಸಿಗಡಿ ಸವಾರಿ ಮಾಡುತ್ತದೆ. ಮೊಟ್ಟೆಯಿಟ್ಟರೆ ಬಂಡೆಯ ಮೇಲೆ ಕೆಂಪು ರಿಬ್ಬನ್ನು ಸುರುಳಿ ಸುತ್ತಿಟ್ಟ ಹಾಗೆ.

ನಮ್ಮ ಅಮ್ಮ ಬನಶಂಕರಮ್ಮನಿಗೆ ಈ ಕತೆಗಳೆಂದರೆ ಪ್ರಾಣ. ನನ್ನ ತಮ್ಮ ವೇಣುಗೋಪಾಲ್, ಮನೆಯಲ್ಲಿ ಕೈಮಗ್ಗ ಬಿಡದೆ ಉಳಿದವನು ಅವನೊಬ್ಬನೇ, ನೇಯುತ್ತಲೇ ಕೇಳುತ್ತಿದ್ದ. ಅಮ್ಮ ನೂಲನ್ನು ಕಂಡಿಕೆಗೆ ಸುತ್ತುತ್ತ ಪ್ರಶ್ನೆ ಹಾಕುತ್ತಿದ್ದಳು.

"ಅಲ್ಲಪ್ಪಾ, ಇಷ್ಟು ಚೆಂದ ಉಟ್ಕೊಂಡೈತಲ್ಲ, ಅದರ ಗಂಡ ನೋಡಿ ಮೆಚ್ಕೋತಾನಾ?"

"ಅದಕ್ಕೆ ಕಣ್ಣು ಅಷ್ಟಕ್ಕಷ್ಟೇ ಅಮ್ಮ. ಬೆಳಕು, ಕತ್ಲೆ, ಅಷ್ಟೇ ಗೊತ್ತಾಗೋದು. ತನ್ನ ಬಣ್ಣ ತನಗೇ ಕಾಣಲ್ಲ, ಜೊತೇದರದೂ ಕಾಣಲ್ಲ. ಒಂದು ಹೋದ ದಾರೀಲಿ ಅಂಟು ಉಳಿದಿರ್ತದೆ, ಅದನ್ನ ಹಿಡ್ಕೊಂಡು ಇನ್ನೊಂದು ಹಿಂದೆ ಹೋಯ್ತದೆ."

"ಪಾಪಂ" ಅಂದಳು ಅಮ್ಮ ತೆಲುಗಿನಲ್ಲಿ. "ನಮ್ಮ ಥರಾನೇ. ನೇಯೋರು ನಾವು, ಉಡೋರು ಯಾರೋ."

ಇನ್ನೊಂದು ಸಲ ಅವನು, ಕೆಳಗೆ ಹೋಗುತ್ತ ಹೋಗುತ್ತ ಮೊದಲು ಕೆಂಪು ಬಣ್ಣವೇ ಕಾಣೆಯಾಗುತ್ತದೆ, ಬೆರಳು ಕುಯ್ದುಕೊಂಡರೆ ರಕ್ತ ಕೂಡ ಹಸಿರಾಗಿ ಕಾಣುತ್ತದೆ ಅಂದ. ಅಮ್ಮ ನಂಬಲಿಲ್ಲ. "ನನ್ನ ಕೆಂಪು ಹಂಗೆಲ್ಲ ಹೋಗಲ್ಲ ಕಣಯ್ಯ" ಅಂತ ಪಂಥ ಕಟ್ಟಿದವಳಂತೆ ಒಂದು ಎಳೆ ಕುಂಕುಮಗೆಂಪು ರೇಷ್ಮೆ ಕತ್ತರಿಸಿ ಅವನ ಮಣಿಕಟ್ಟಿಗೆ ಕಟ್ಟಿ ಕಳಿಸಿದಳು. ಮುಂದಿನ ಸಲ ಬಂದಾಗ ಎರಡು ಫೋಟೊ ತಂದಿದ್ದ. ಒಂದರಲ್ಲಿ ಅವನ ಮಣಿಕಟ್ಟಿನ ದಾರ ಬೂದಿಬಣ್ಣ. ಇನ್ನೊಂದರಲ್ಲಿ ಟಾರ್ಚು ಬಿಟ್ಟಿದ್ದಾನೆ, ಅದೇ ದಾರ ಧಗಧಗ ಉರಿಯುವ ಕೆಂಪು. ಅಮ್ಮ ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿ, "ಹೋಗಿರ್ಲಿಲ್ಲ ನೋಡು, ಅಲ್ಲೇ ಇತ್ತು" ಅಂತ ಗೆದ್ದವಳ ಹಾಗೆ ಹೇಳಿದಳು. ಆ ಎರಡೂ ಫೋಟೊ ನಮ್ಮ ದೇವರ ಗೂಡಿನ ಪಕ್ಕ ಅಂಟಿಕೊಂಡವು.

ಆಮೇಲೊಂದು ಸಲ ಅವನು ಬಂದವನು ವಾಪಸು ಹೋಗಲಿಲ್ಲ. ಕೆಳಗೆ ಯಾರೋ ಗಾಬರಿಬಿದ್ದು ಒದ್ದಾಡಿದ್ದರು, ನೆಗಡಿಯಿದ್ದರೂ ಇವನು ಅವರ ಹಿಂದೆ ಸರ್ರನೆ ಇಳಿದು ಸರ್ರನೆ ಏರಿದ್ದ. ಎಡಗಿವಿಯ ತಮಟೆ ಹರಿದಿತ್ತು. ಇನ್ನು ಜನ್ಮದಲ್ಲಿ ಆಳದ ನೀರಿಗೆ ಇಳಿಯಬೇಡ, ಇಳಿದರೆ ಆ ಕಿವಿಯ ಆಸೆ ಬಿಡು ಅಂತ ಡಾಕ್ಟರು ಹೇಳಿ ಕಳಿಸಿದ್ದರು. ಹಿಂದೂಪುರದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಗೂಡು ಸುರಿಯುವ, ಜಾಲರಿ ಹೊರುವ ಕೆಲಸಕ್ಕೆ ಸೇರಿಕೊಂಡ. ಹೇಗಿದೆಯಯ್ಯಾ ಕೆಲಸ ಅಂದರೆ, "ಇಲ್ಲಿ ಹುಳ ಸತ್ರೆ ಸೀರೆ ದಯಣ್ಣ. ಅಲ್ಲಿ ಹುಳಾನೇ ಸೀರೆ" ಅನ್ನುತ್ತಿದ್ದ. ನಗುತ್ತಲೇ ಅನ್ನುತ್ತಿದ್ದ, ಆದರೆ ಸಂಜೆ ಅಂಗಡಿಗೆ ಬಂದು ಹಳೆಯ ಫೋಟೊಗಳನ್ನು ಒಂದೊಂದಾಗಿ ಕಂಪ್ಯೂಟರಿನಲ್ಲಿ ತೆಗೆಸಿ ನೋಡುವಾಗ ಅವನ ಮುಖ ನೋಡಲು ನನಗಾಗುತ್ತಿರಲಿಲ್ಲ. ಕಣ್ಣು ತೆರೆದು ಬದುಕಿದ್ದನ್ನು ನೋಡಿದ್ದವನು, ಮತ್ತೆ ಅದನ್ನು ನೋಡುವ ಹಾಗಿರಲಿಲ್ಲ.

ಅವನ ಆ ಸಂಕಟಕ್ಕೆ ನನ್ನ ತಮ್ಮ ಒಂದು ದಾರಿ ಹುಡುಕಿದ. ಸೀರೆಹುಳದ ಫೋಟೊ ಇಟ್ಟುಕೊಂಡು ಸೀರೆಗೆ ಅಂಚು ಬರೆದ. ನೀಲಿ ಒಡಲು, ಅರಿಶಿನದಂಚಿನೊಳಗೆ ಒಂದರ ಹಿಂದೆ ಒಂದು ಹೋಗುವ ಹುಳಗಳ ಸಾಲು. ಚೆನ್ನಕೇಶವನನ್ನು ಮಗ್ಗದ ಪಕ್ಕ ಕೂರಿಸಿಕೊಂಡು, ಕೊಂಬು ಇನ್ನೂ ಸಣ್ಣದಾಗಬೇಕಾ, ಹೂವು ಹಿಂದಕ್ಕಾ ಮುಂದಕ್ಕಾ ಅಂತ ಕೇಳಿ ಕೇಳಿ ನೇಯತೊಡಗಿದ. ಆ ದಿನಗಳಲ್ಲಿ ಚೆನ್ನಕೇಶವ ಮತ್ತೆ ಮನುಷ್ಯನಾದ. ಆದರೆ ನೇಯುತ್ತ ನೇಯುತ್ತ ವೇಣುವಿಗೆ ಫೋಟೊ ಸಾಲದಾಯಿತು.

"ಕೇಶವಣ್ಣ, ನೀರೊಳಗೆ ಕಣ್ಣು ತೆರೆದ್ರೆ ಹೆಂಗಿರ್ತದೆ ಅಂತ ನಾನೂ ನೋಡ್ಬೇಕು. ಒಂದ್ಸಲ ಅಂಡಮಾನಿಗೆ ಹೋಗಾಣ. ಅಷ್ಟರಲ್ಲಿ ಈಜು ಕಲಿಸ್ಬುಡು" ಅಂತ ಗಂಟುಬಿದ್ದ.

ಲೇಪಾಕ್ಷಿ ಕಡೆ ಹೋಗುವಾಗ ಕೆಲಸ ನಿಲ್ಲಿಸಿದ ಒಂದು ಕಲ್ಲುಕ್ವಾರಿ ಇದೆ, ಮಳೆನೀರು ನಿಂತು ಹಸಿರಾಗಿದೆ. ಇಬ್ಬರೂ ಭಾನುವಾರ ಅಲ್ಲಿಗೆ ಹೋಗತೊಡಗಿದರು. ಚೆನ್ನಕೇಶವ ಎದೆಮಟ್ಟದ ನೀರಲ್ಲಿ ನಿಂತು, ಕಿವಿ ನೆನೆಯದಂತೆ ಹತ್ತಿ ತುರುಕಿಕೊಂಡು ಕಲಿಸುತ್ತಿದ್ದ. ಕಲಿತ ಮೇಲೆ ತನ್ನ ಮಾಸ್ಕನ್ನೂ ಕೊಟ್ಟ, ಹರಿತಾ ಕೊಟ್ಟದ್ದೇ ಅದು. ಒಂದೇ ಮಾತು ಹೇಳಿದ್ದ, ಒಬ್ಬನೇ ಇಳೀಬೇಡ. ವೇಣು ಮನೆಗೆ ಬಂದು, ಬಂಡೆಯ ಸಂದಿನಲ್ಲಿ ಪುಟ್ಟ ಮೀನು ಕಂಡೆ, ಒಂದು ಕಪ್ಪು ಬಸವನಹುಳ ಕಂಡೆ ಅಂತ ಮಗುವಿನ ಹಾಗೆ ಹೇಳುತ್ತಿದ್ದ. ಮೂವತ್ತು ದಾಟಿದ ಗಂಡಸು. ಅಮ್ಮ ನಗುತ್ತ ಅನ್ನ ಬಡಿಸುತ್ತಿದ್ದಳು.

ಭಾನುವಾರವಲ್ಲದ ಒಂದು ದಿನ, ಚೆನ್ನಕೇಶವ ಮಾರ್ಕೆಟ್ಟಿನಲ್ಲಿದ್ದಾಗ, ವೇಣು ಒಬ್ಬನೇ ಕ್ವಾರಿಗೆ ಹೋದ.

ಮೇಕೆ ಮೇಯಿಸುವವರು ಬಂಡೆಯ ಮೇಲೆ ಅಂಗಿ, ಚಪ್ಪಲಿ ನೋಡಿ ಫೋನು ಮಾಡಿಸಿದರು. ನಾವು ಹೋಗುವಷ್ಟರಲ್ಲಿ ಜನ ಸೇರಿತ್ತು. ಯಾರೋ ಪಾತಾಳಗರಡಿ ತಂದು ಹಗ್ಗ ಕಟ್ಟುತ್ತಿದ್ದರು. ಬಾವಿಗೆ ಬಿದ್ದ ಬಿಂದಿಗೆ ಎತ್ತುವ ಕೊಕ್ಕೆಗಳ ಗೊಂಚಲು ಅದು. ಅದನ್ನು ಕಂಡದ್ದೇ ಅಮ್ಮ, ಅಲ್ಲಿತನಕ ಬಂಡೆಯ ಮೇಲೆ ಕೂತಿದ್ದವಳು, ಎದ್ದು ಹೋಗಿ ಹಗ್ಗ ಕಿತ್ತುಕೊಂಡಳು. "ನನ್ ಮಗನ ಮೈಗೆ ಕೊಕ್ಕೆ ಹಾಕ್ಬ್ಯಾಡ್ರಪ್ಪಾ. ನಿಮ್ ಕಾಲಿಗೆ ಬೀಳ್ತೀನಿ, ಕೊಕ್ಕೆ ಹಾಕ್ಬ್ಯಾಡ್ರಿ."

ಆಗ ಚೆನ್ನಕೇಶವ ಓಡಿ ಬಂದ. ಯಾರೂ ಅವನನ್ನು ಕೇಳಲಿಲ್ಲ. ಕೊಕ್ಕೆ ನೋಡಿದ, ಅಮ್ಮನನ್ನು ನೋಡಿದ, ಅಂಗಿ ಬಿಚ್ಚಿದ. ನಾನು ಅವನ ತೋಳು ಹಿಡಿದು, "ಬೇಡ ಕಣೋ, ನಿನ್ನ ಕಿವಿ" ಅಂದೆ. ಅವನು ನನ್ನ ಕೈ ಬಿಡಿಸಿ, "ಏಂ ಕಾದುಲೇ ಅನ್ನಾ" ಅಂದ, ಏನೂ ಆಗಲ್ಲ ಬಿಡಣ್ಣ ಅಂತ. ನಮ್ಮಿಬ್ಬರ ನಡುವೆ ಅವನು ಆಡಿದ ಕೊನೆಯ ಮಾತು ಅದಾಗುತ್ತದೆ ಅಂತ ಅವನಿಗೆ ಗೊತ್ತಿತ್ತು. ನನಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

ಬಹಳ ಹೊತ್ತಾದ ಮೇಲೆ ನೀರು ಒಡೆದು ಎರಡು ತಲೆ ಮೇಲೆ ಬಂದವು. ವೇಣುವಿನ ತಲೆಯನ್ನು ಅವನು ತನ್ನ ಹೆಗಲಿಗೆ ಒರಗಿಸಿಕೊಂಡಿದ್ದ, ನಿದ್ದೆ ಹೋದ ಮಗುವನ್ನು ಎತ್ತಿಕೊಂಡ ಹಾಗೆ. ಮಾಸ್ಕು ಮುಖದ ಮೇಲೇ ಇತ್ತು. ಚೆನ್ನಕೇಶವನ ಎಡಗಿವಿಯಿಂದ ರಕ್ತ ಕತ್ತಿನ ಮೇಲೆ ಹರಿಯುತ್ತಿತ್ತು. ಬಂಡೆಯ ಮೇಲೆ ಮಲಗಿಸಿ, ಮಾಸ್ಕು ತೆಗೆದು, ಅಂಗೈಯಿಂದ ಅವನ ರೆಪ್ಪೆ ಮುಚ್ಚಿ, ಅಮ್ಮನಿಗೆ ಬೆನ್ನು ಮಾಡಿ ನಿಂತ. ಅವನು ಕಾಯುತ್ತಿದ್ದುದು ಟವೆಲ್ಲಿಗೆ ಅಂತ ಆಮೇಲೆ ಅರ್ಥವಾಯಿತು. ಬಟ್ಟೆ ನೇಯ್ದು ಬದುಕುವ ಮನೆಯವರು ನಾವು, ಒಬ್ಬರ ಕೈಯಲ್ಲೂ ಒಂದು ತುಂಡು ಬಟ್ಟೆ ಇರಲಿಲ್ಲ. ಕೊನೆಗೆ ಅವನು ತನ್ನ ಅಂಗಿಯನ್ನೇ ತಲೆಯ ಮೇಲೆ ಇಳಿಬಿಟ್ಟುಕೊಂಡು ನಡೆದುಹೋದ.

ಹನ್ನೊಂದನೆಯ ದಿನ ಕಳೆಯುವ ಮುಂಚೆಯೇ ಅವರ ಬಾಡಿಗೆ ಮನೆಗೆ ಬೀಗ ಬಿದ್ದಿತ್ತು. ಜ್ಯೋತಿಲಕ್ಷ್ಮಿ ಹೋಗುವ ಮುಂಚೆ ನಮ್ಮ ಮನೆಯ ಬಾಗಿಲಲ್ಲಿ ನಿಂತು ಅತ್ತಳು. "ಅವರಿಗೆ ಆ ಕಿವಿ ಪೂರ್ತಿ ಹೋಯ್ತಣ್ಣ. ನಿಮಗೆ ಮುಖ ತೋರಿಸ್ಬಾರ್ದಂತೆ. ನಾನು ಹೆಂಗೆ ಹೇಳಿದ್ರೂ ಕೇಳ್ತಿಲ್ಲ" ಅಂದಳು. ಇಬ್ಬರೂ ಊರು ಸೇರಿಕೊಂಡರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತಮ್ಮ ಹೋದ ದುಃಖ ಒಂದು ಕಡೆ, ಇವನ ಈ ಆಚಾರ ಇನ್ನೊಂದು ಕಡೆ. ಫೋನು ಮಾಡಿದರೆ ಎತ್ತಲಿಲ್ಲ. ಒಂದು ಸಲ ಕಲ್ಯಾಣದುರ್ಗಕ್ಕೆ ಯಾವುದೋ ಮದುವೆಯ ಫೋಟೊಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಕಂಡ. ಕಂಡೊಡನೆ ಹೆಗಲ ಟವೆಲ್ಲು ಮುಖದ ಮೇಲೆಳೆದುಕೊಂಡು ಗೋಡೆಯ ಕಡೆ ತಿರುಗಿ ನಿಂತ. ನಮ್ಮ ಅಂಗಡಿಯಲ್ಲಿ ತುದಿಗಾಲಲ್ಲಿ ನಿಂತು ಎಲ್ಲರನ್ನೂ ನಗಿಸಿದವನು. ಜನರ ಮಧ್ಯೆ ಹೋಗಿ ಆ ಟವೆಲ್ಲು ಕಿತ್ತೆಸೆಯಬೇಕು ಅನ್ನಿಸಿತು. ಅವನ ಬೆನ್ನನ್ನೇ ನೋಡುತ್ತ ನನ್ನ ಬಸ್ಸು ಹತ್ತಿದೆ.

ಮನೆಯಲ್ಲಿ ಮಗ್ಗ ಹಾಗೇ ನಿಂತಿತ್ತು. ಅರ್ಧ ನೇಯ್ದ ಸೀರೆ, ಅಂಚಿನಲ್ಲಿ ಹುಳಗಳು ಒಂದರ ಹಿಂದೊಂದು ಹೋಗಿ ಹೋಗಿ, ಕೊನೆಯ ಹುಳದ ತಲೆ ಮಾತ್ರ ಆಗಿತ್ತು, ಮೈ ಆಗಿರಲಿಲ್ಲ. ಅಮ್ಮ ದಿನಾ ಧೂಳು ಒರೆಸುತ್ತಿದ್ದಳು, ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಮಗ್ಗದ ಮೇಲಿರುವ ಸೀರೆ ಮುಗಿಯದೆ ಅದಕ್ಕೆ ಕತ್ತರಿ ಮುಟ್ಟಿಸುವುದು ನಮ್ಮವರಲ್ಲಿಲ್ಲ. ಕೈಯಾಡುವ ಇನ್ನೊಬ್ಬರು ಕೂತು ಮುಗಿಸಬೇಕು. ಮುಗಿಸಲು ನಮ್ಮ ಮನೆಯಲ್ಲಿ ಇನ್ನು ಯಾರಿದ್ದರು?

ಹೀಗೆ ತಿಂಗಳುಗಳು ಹೋದ ಮೇಲೆ ಒಂದು ಬೆಳಿಗ್ಗೆ, ನಾನು ಅಂಗಡಿಗೆ ಹೊರಡುವಾಗ, ಮಗ್ಗದ ಕೋಣೆಯಿಂದ ಕರಕರ ಸದ್ದು ಬಂತು. ಓಡಿ ಹೋಗಿ ನೋಡಿದರೆ ಅಮ್ಮ ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳನ್ನು ಅಡ್ಡಕ್ಕೆ ಕತ್ತರಿಸುತ್ತಿದ್ದಾಳೆ.

"ಅಮ್ಮಾ! ಏನ್ ಮಾಡ್ತಿದ್ದೀಯ?"

"ಅವತ್ತು ಅವನಿಗೆ ಬಟ್ಟೆ ಕೊಡ್ಲಿಲ್ಲ ನಾವು" ಅಂದಳು ಕತ್ತರಿ ನಿಲ್ಲಿಸದೆ. "ನಡಿ, ಬ್ರಹ್ಮಸಮುದ್ರಕ್ಕೆ ಹೋಗಾಣ."

"ಇದು ಅರ್ಧ ಸೀರೆ ಕಣಮ್ಮ."

"ಅರ್ಧಾನೇ ಇರೋದು."

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ದಾರಿಯುದ್ದಕ್ಕೂ ಬಟ್ಟೆಯ ಗಂಟು ಅಮ್ಮನ ಮಡಿಲಲ್ಲಿತ್ತು. ಬಸ್ಸಿನ ಕಿಟಕಿಯಿಂದ ಕಂಡ ಬಾವಿಗಳೆಲ್ಲ ಒಣಗಿ ಮುಳ್ಳು ತುಂಬಿದ್ದವು. ಇವನಿನ್ನು ಇಳಿಯುವುದು ಯಾವ ನೀರಿಗೆ, ಮುಖ ಬಚ್ಚಿಟ್ಟುಕೊಳ್ಳುವುದು ಯಾತಕ್ಕೆ ಅಂತ ನನಗೆ ಮತ್ತೆ ಸಿಟ್ಟು ಬರುತ್ತಿತ್ತು.

ಅವನು ಜಗಲಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದ. ಜ್ಯೋತಿಲಕ್ಷ್ಮಿ ನಮ್ಮನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಅವಳ ಮುಖ ನೋಡಿ ಅವನು ಈ ಕಡೆ ನೋಡಿದ, ನೋಡಿದ್ದೇ ಟವೆಲ್ಲು ತಲೆಯ ಮೇಲೆಳೆದುಕೊಂಡು ಗೋಡೆಗೆ ತಿರುಗಿ ಕೂತ. ಅಷ್ಟು ದಿನ ತಡೆದಿದ್ದೆಲ್ಲ ನನ್ನ ಬಾಯಿಗೆ ಬಂತು. "ಸಾಕ್ ಮಾಡೋ ಚೆನ್ನ ನಿನ್ನ ಆಚಾರಾನ! ಒಬ್ಬನ್ನ ಕಳ್ಕೊಂಡಿದ್ದು ಸಾಲ್ದಾ ನಮಗೆ? ನಿನ್ನೂ ಕಳ್ಕೋಬೇಕಾ?" ಅಂತ ಕೂಗಾಡಿದೆ. ಅವನು ಅಲುಗಲಿಲ್ಲ. ನಾನು ಕೂಗುತ್ತಿದ್ದುದು ಅವನ ಎಡಗಿವಿಯ ಕಡೆ ನಿಂತು.

ಅಮ್ಮ ನನಗೆ ಸುಮ್ಮನಿರು ಅಂತ ಕೈ ಮಾಡಿ, ಸುತ್ತಿಕೊಂಡು ಹೋಗಿ ಅವನ ಬಲಗಡೆ ಗೋಡೆಗೆ ಒರಗಿ ಕೂತಳು. ಸ್ವಲ್ಪ ಹೊತ್ತು ಅವಳೂ ಎರಡು ಕಡಲೆಕಾಯಿ ಸುಲಿದಳು. ಆಮೇಲೆ ಕೇಳಿದಳು.

"ಅವತ್ತು ನೀರಾಗೆ ನೀನು ಕಣ್ಣು ತೆರ್ದಿದ್ಯೇನಪ್ಪಾ?"

ಅವನು ಟವೆಲ್ಲಿನೊಳಗಿಂದಲೇ ಅಂದ, "ತೆರ್ದಿದ್ದೆ ಕಣಮ್ಮ. ತೆರೀಬಾರ್ದು ಅಂತ್ಲೇ ಇಳಿದೆ. ಸಮುದ್ರದ್ದು ಅಭ್ಯಾಸ. ಅವೇ ತೆರ್ಕೊಂಡ್ಬುಟ್ವು."

"ನನ್ ಮಗನ್ವು?"

"ತೆರ್ದೇ ಇದ್ವು. ಮಾಸ್ಕ್‌ನಾಗೆ ನೀರು ಹೋಗಿರ್ಲಿಲ್ಲ. ಮುಖ ಒಣಗೇ ಇತ್ತು. ಬಂಡೆ ಸಂದೀಲಿ ಏನೋ ನೋಡ್ತಿದ್ದಂಗೇ ಇದ್ದ."

"ಹೆದರಿದ್ನಾ?"

"ಗೊತ್ತಿಲ್ಲ ಕಣಮ್ಮ. ನಿನ್ನತ್ರ ಸುಳ್ಳು ಹೇಳ್ಲಾರೆ." ಟವೆಲ್ಲಿನ ಅಂಚನ್ನು ಇನ್ನಷ್ಟು ಕೆಳಗೆಳೆದುಕೊಂಡ. "ನಾನು ಆ ಹುಳ ತೋರಿಸ್ದೇ ಇದ್ದಿದ್ರೆ ಅವನು ಮಗ್ಗದಾಗೇ ಇರ್ತಿದ್ದ."

ಅಮ್ಮ ಅದಕ್ಕೆ ಇಲ್ಲ ಅನ್ನಲಿಲ್ಲ, ಹೌದು ಅನ್ನಲಿಲ್ಲ. ಗಂಟು ಬಿಚ್ಚಿ ಬಟ್ಟೆ ತೆಗೆದಳು. ನೀಲಿ ಕಂಡೊಡನೆ ಅದೇನೆಂದು ಅವನಿಗೆ ತಿಳಿಯಿತು. ಗೋಡೆಯ ಕಡೆ ಮುಖವಿಟ್ಟುಕೊಂಡೇ, ಕಟ್ಟಳೆ ಮುಗಿಸುವವನಂತೆ, ಅದನ್ನು ತೆಗೆದುಕೊಳ್ಳಲು ಕೈ ಹಿಂದಕ್ಕೆ ಚಾಚಿದ. ಅಮ್ಮ ಕೊಡಲಿಲ್ಲ.

"ಮುಖ ಮುಚ್ಕೊಳ್ಳೋಕೆ ತಂದಿಲ್ಲ ಇದನ್ನ. ತಿರುಗು ಈ ಕಡೆ."

"ಬ್ಯಾಡ ಕಣಮ್ಮ. ನನ್ನ ನೋಡಿದ್ರೆ ನಿನಗೆ..."

"ಗೊತ್ತು ಕಣಪ್ಪ. ಅದಕ್ಕೇ ಬಂದಿದ್ದೀನಿ. ನನ್ ಮಗನ್ನ ಕೊನೇಲಿ ನೋಡಿರೋ ಕಣ್ಣು ಅವು. ನಾನು ನೋಡ್ಬೇಕು."

ಅವನು ತಿರುಗಿದ. ಟವೆಲ್ಲನ್ನು ಅಮ್ಮನೇ ಸರಿಸಿದಳು. ಗಡ್ಡ ಬೆಳೆದಿತ್ತು, ಕೆನ್ನೆ ಒಳಕ್ಕೆ ಹೋಗಿತ್ತು. ಕಣ್ಣಲ್ಲಿ ಧೂಳು ಬಿದ್ದ ಮಕ್ಕಳದ್ದು ಹಿಡಿಯುವಂತೆ ಅವನ ಗಲ್ಲ ಹಿಡಿದು, ಮುಖ ಬೆಳಕಿಗೆ ಎತ್ತಿ, ಒಂದು ಕಣ್ಣನ್ನೂ ಆಮೇಲೆ ಇನ್ನೊಂದು ಕಣ್ಣನ್ನೂ ನೋಡಿದಳು. ಅವನು ರೆಪ್ಪೆ ಮಿಟುಕಿಸದೆ ಮುಖ ಕೊಟ್ಟುಕೊಂಡು ಕೂತಿದ್ದ. ಅವರಿಬ್ಬರೂ ಅಳಲಿಲ್ಲ. ನಾನು ಜಗಲಿಯ ಕೆಳಗಿಳಿದು, ಬೀದಿಗೆ ಬೆನ್ನು ಮಾಡಿ ಅತ್ತೆ.

ಬಟ್ಟೆಯನ್ನು ಅವನ ಹೆಗಲ ಮೇಲೆ ಹೊದಿಸಿ ಅಮ್ಮ ಎದ್ದಳು. ಬಸ್ಸಿಗೆ ಇನ್ನೂ ಹೊತ್ತಿದೆ, ಉಂಡುಕೊಂಡು ಹೋಗಿ ಅಂದಳು ಜ್ಯೋತಿಲಕ್ಷ್ಮಿ. ಅಮ್ಮ ಕೈ ತೊಳೆದು ಒಳಗೆ ಹೋಗಿ ಕೂತಳು. ಚೆನ್ನಕೇಶವ ಬಂದು ಅವಳ ಎದುರಿಗೇ ಕೂತು ಊಟ ಮಾಡಿದ. ಅಮ್ಮ ತುತ್ತಿಗೊಮ್ಮೆ ಅವನ ಮುಖ ನೋಡುತ್ತಿದ್ದಳು.